ಉತ್ಪಾದನಾ ಸಾಧ್ಯತಾ ರೇಖೆ ಮತ್ತು ತುಲನಾತ್ಮಕ ಅನುಕೂಲ: ಸಿದ್ಧಾಂತದ ಇತಿಹಾಸ

ತನ್ನಲ್ಲಿರುವ ಸಂಪನ್ಮೂಲ ಮತ್ತು ತಂತ್ರಜ್ಞಾನದಿಂದ ಒಂದು ದೇಶ ಎರಡು ಸರಕುಗಳನ್ನು ಗರಿಷ್ಠ ಎಷ್ಟೆಷ್ಟು ತಯಾರಿಸಬಲ್ಲದು ಎಂಬುದನ್ನು ಉತ್ಪಾದನಾ ಸಾಧ್ಯತಾ ರೇಖೆ ತೋರಿಸುತ್ತದೆ. ವ್ಯಾಪಾರದಿಂದ ದೇಶ ಈ ರೇಖೆಯಾಚೆಗೂ ಅನುಭೋಗಿಸಬಹುದೆಂಬುದು ತುಲನಾತ್ಮಕ ಅನುಕೂಲ ಸಿದ್ಧಾಂತದ ತಿರುಳು. ಪಠ್ಯಪುಸ್ತಕಗಳು ಎರಡನ್ನೂ ಡೇವಿಡ್ ರಿಕಾರ್ಡೊ ಹೆಸರಿನಡಿ ಸೇರಿಸುವುದುಂಟು. ಆದರೆ ರಿಕಾರ್ಡೊ ಇಂಥ ರೇಖೆ ಎಳೆದಿರಲಿಲ್ಲ. ಅದು ಬಂದದ್ದು ಸುಮಾರು ನೂರು ವರ್ಷಗಳ ನಂತರ.

ನಾಲ್ಕು ಅಂಕಿಗಳ ವಿವಾದ

ಧಾನ್ಯ ವ್ಯಾಪಾರ ಕುರಿತ 1815ರ ಪ್ರಬಂಧದಲ್ಲಿ ರಾಬರ್ಟ್ ಟಾರೆನ್ಸ್ ತುಲನಾತ್ಮಕ ಅನುಕೂಲದ ವಿಚಾರವನ್ನು ಮುಟ್ಟಿದ್ದರು. ಅಂಕಿಗಳ ಸಮೇತ ಅದನ್ನು ನಿಲ್ಲಿಸಿದ್ದು ರಿಕಾರ್ಡೊ ಅವರ 1817ರ ಗ್ರಂಥ. ಇಂಗ್ಲೆಂಡಿಗೆ ಬಟ್ಟೆಗೆ 100, ದ್ರಾಕ್ಷಾರಸಕ್ಕೆ 120 ಜನರ ಒಂದು ವರ್ಷದ ದುಡಿಮೆ ಬೇಕು. ಪೋರ್ಚುಗಲ್‌ಗೆ ಕ್ರಮವಾಗಿ 90 ಮತ್ತು 80. ಎರಡರಲ್ಲೂ ಪೋರ್ಚುಗಲ್ ಮುಂದಿದ್ದರೂ ವ್ಯಾಪಾರದಿಂದ ಎರಡೂ ದೇಶಗಳಿಗೆ ಲಾಭ.

ಇವು ಸರಕಿನ ಒಂದೊಂದು ಘಟಕದ ವೆಚ್ಚವೆಂದೇ ಬಹುಕಾಲ ಓದಲಾಯಿತು. ಹಾಗೆ ಓದಿದರೆ ಒಂದು ಘಟಕ ದ್ರಾಕ್ಷಾರಸಕ್ಕಾಗಿ ಇಂಗ್ಲೆಂಡ್ 1.2, ಪೋರ್ಚುಗಲ್ ಸುಮಾರು 0.89 ಘಟಕ ಬಟ್ಟೆ ಬಿಟ್ಟುಕೊಡಬೇಕು. ಈ ವೆಚ್ಚ ಬದಲಾಗದ್ದರಿಂದ ಸಾಧ್ಯತಾ ರೇಖೆ ನೇರವಾಗುತ್ತದೆ. ರಾಯ್ ರಫಿನ್ 2002ರಲ್ಲಿ ಬೇರೆ ಓದನ್ನು ಸಮರ್ಥಿಸಿದರು: ಅವು ನಿಜವಾಗಿ ವಿನಿಮಯವಾದ ಒಟ್ಟು ಸರಕಿನ ಹಿಂದಿನ ದುಡಿಮೆ. ಅದರಂತೆ ಇಂಗ್ಲೆಂಡಿಗೆ 20, ಪೋರ್ಚುಗಲ್‌ಗೆ 10 ಜನರ ದುಡಿಮೆ ಉಳಿಯುತ್ತದೆ. ಈ ಓದಿನಲ್ಲಿ ಪ್ರತಿ ಘಟಕದ ವೆಚ್ಚವಾಗಲಿ, ರೇಖೆಯಾಗಲಿ ಬೇಕಾಗುವುದಿಲ್ಲ.

ರೇಖೆಯ ಆಗಮನ

ಗಾಟ್‌ಫ್ರೀಡ್ ಹಾಬರ್ಲರ್ 1930ರಲ್ಲಿ ಸಿದ್ಧಾಂತವನ್ನು ಶ್ರಮಮೌಲ್ಯದಿಂದ ಬಿಡಿಸಿ ಅವಕಾಶ ವೆಚ್ಚದ (ಒಂದು ಸರಕಿಗಾಗಿ ಬಿಟ್ಟುಕೊಡಬೇಕಾದ ಇನ್ನೊಂದರ ಪ್ರಮಾಣದ) ಮೇಲೆ ನಿಲ್ಲಿಸಿದ್ದು ನಿಜವಾದ ತಿರುವು. ಭೂಮಿ, ಬಂಡವಾಳಗಳೂ ಲೆಕ್ಕಕ್ಕೆ ಬಂದವು. ವೆಚ್ಚ ಏರುತ್ತ ಹೋದಾಗ ರೇಖೆ ಹೊರಕ್ಕೆ ಬಾಗಿತು, ದೇಶ ಪೂರ್ಣವಾಗಿ ಒಂದೇ ಸರಕಿಗೆ ಅಂಟಿಕೊಳ್ಳಬೇಕಿಲ್ಲವೆಂದೂ ಸ್ಪಷ್ಟವಾಯಿತು. ಆದರೂ ಇಂಥ ರೇಖೆ ಬಳಸಿದ ಮೊದಲಿಗರು ಯಾರೆಂಬುದು ಚರ್ಚೆಯ ವಿಷಯ. ಇಟಲಿಯ ಎನ್ರಿಕೊ ಬರೋನೆ 1908ರಲ್ಲೇ ಹೋಲುವ ಚಿತ್ರ ಬಳಸಿದ್ದರೆಂದು 1987ರಲ್ಲಿ ಮನೆಸ್ಕಿ ಮತ್ತು ಥ್ವೀಟ್ ಎತ್ತಿ ತೋರಿಸಿದರು. ಜೇಕಬ್ ವೈನರ್ ಮಾತ್ರ ದುಡಿಮೆಯ ಕಷ್ಟವನ್ನು ಕೈಬಿಡುವ ಹಾಬರ್ಲರ್ ಅವರ ಲೆಕ್ಕವನ್ನು 1937ರಲ್ಲಿ ಒಪ್ಪಲಿಲ್ಲ.

ನಂತರದ ಕಾಲ

ಅರ್ಥಶಾಸ್ತ್ರಜ್ಞರಾದ ಲರ್ನರ್, ಲಿಯಾಂಟೀಫ್ ಈ ರೇಖಾಚಿತ್ರವನ್ನು ಪೂರ್ಣಗೊಳಿಸಿದರು. ಸ್ಯಾಮುಯೆಲ್ಸನ್ ಅವರ 1948ರ ಪಠ್ಯ ಅದನ್ನು ತರಗತಿಗೆ ತಂದಿತು. ಆದರೆ ದೇಶ ಉತ್ಪಾದಿಸದೇ ಬಿಟ್ಟ ಸರಕಿನ ಉತ್ಪಾದಕತೆ ಕಾಣಸಿಗದಿರುವುದು ಸಿದ್ಧಾಂತವನ್ನು ವಾಸ್ತವದ ಅಂಕಿಗಳಿಂದ ಪರೀಕ್ಷಿಸಲು ದೊಡ್ಡ ಅಡ್ಡಿಯಾಗಿತ್ತು. 2012ರಲ್ಲಿ ಕಾಸ್ಟಿನೊ ಮತ್ತು ಡೊನಾಲ್ಡ್‌ಸನ್ ಮಣ್ಣು, ಹವಾಮಾನ ಆಧರಿಸಿದ ಸಂಭಾವ್ಯ ಇಳುವರಿಯಿಂದ 55 ದೇಶಗಳ 17 ಬೆಳೆಗಳ ಲೆಕ್ಕ ಹಾಕಿದರು. ಪರಿಪೂರ್ಣವಲ್ಲದಿದ್ದರೂ ಸಿದ್ಧಾಂತದ ಊಹೆಯ ದಿಕ್ಕಿನಲ್ಲೇ ವಾಸ್ತವ ಉತ್ಪಾದನೆ ಇರುವುದು ಕಂಡುಬಂತು.