ಅಂಟಿನಿಂದ ಪದರಕ್ಕೆ

ಕೊಲಾಜ್ ಎಂಬ ಪದದ ಬೇರು ಫ್ರೆಂಚಿನ 'ಕೊಲೇ', ಅಂದರೆ ಅಂಟಿಸು. 1912ರಲ್ಲಿ ಪಿಕಾಸೊ, ಬ್ರಾಕ್ ತಮ್ಮ ಚಿತ್ರಗಳ ಮೇಲೆ ಕಾಗದ ಅಂಟಿಸತೊಡಗಿದ ಮೇಲೆ ಅದು ಕಲೆಯ ಮಾತಾಯಿತು. 1919-20ರಲ್ಲಿ ಬರ್ಲಿನ್ನಿನ ಹನ್ನಾ ಹೋಖ್ ಪತ್ರಿಕೆಗಳ ಫೋಟೋ ಕತ್ತರಿಸಿ, ಸೇನಾನಿ ಹಿಂಡೆನ್‌ಬರ್ಗ್‌ನ ತಲೆಯನ್ನು ನರ್ತಕಿಯೊಬ್ಬಳ ಮೈಗೆ ಜೋಡಿಸಿದಳು. ಕತ್ತರಿ ಹೋದ ಗೆರೆ ಎದ್ದು ಕಾಣುತ್ತಿತ್ತು. ವ್ಯಂಗ್ಯ ಇದ್ದದ್ದೇ ಆ ಗೆರೆಯಲ್ಲಿ.

1990ರಲ್ಲಿ ಫೋಟೋಶಾಪ್ ಬಂದಾಗಲೂ ಅಂಟಿನ ಗುಣ ಹೋಗಿರಲಿಲ್ಲ. ಪೇಸ್ಟ್ ಮಾಡಿದ ತುಣುಕಿನ ಆಯ್ಕೆ ಬಿಟ್ಟೊಡನೆ ಅದು ಅಡಿಯ ಚಿತ್ರದಲ್ಲಿ ಬೆರೆತುಹೋಗುತ್ತಿತ್ತು. 1994ರ ಮೂರನೇ ಆವೃತ್ತಿ ಲೇಯರ್ ತಂದಿತು. ಪ್ರತಿ ತುಣುಕಿಗೂ ತನ್ನದೇ ಪಾರದರ್ಶಕ ಹಾಳೆ ಸಿಕ್ಕಿತು. ಎಷ್ಟು ಸಲ ಬೇಕಾದರೂ ಸರಿಸಬಹುದು, ಕುಗ್ಗಿಸಬಹುದು, ಮರೆಮಾಡಬಹುದು.

ಆದರೆ ಜೆಪೆಗ್ ಆಗಿ ಉಳಿಸಿದರೆ ಪದರಗಳೆಲ್ಲ ಒಂದಾಗುತ್ತವೆ. ಪುಣೆಯ ಮಗ, ದೆಹಲಿಯ ಮಗಳು, ಊರಿನಲ್ಲಿರುವ ಅಜ್ಜಿ ಒಂದೇ ಅಂಗಳದಲ್ಲಿ ನಿಂತಂತೆ ಮಾಡಿದ ಚಿತ್ರವನ್ನು ನಲವತ್ತು ವರ್ಷದ ನಂತರ ನೋಡುವವರು, ಅವರೆಲ್ಲ ಅಂದು ಕೂಡಿದ್ದರೆಂದೇ ನಂಬುತ್ತಾರೆ. ಹಾಗಾಗಿ ಪದರಗಳಿರುವ ಮೂಲ ಫೈಲನ್ನೂ ಉಳಿಸಿಡಿ. ಇಲ್ಲವೇ ಫೋಟೋಗಳನ್ನು ಅಂಚು ಕಾಣುವಂತೆ ಪಕ್ಕಪಕ್ಕ ಜೋಡಿಸಿ. ಅವರು ದೂರದಲ್ಲಿದ್ದರು, ಜೋಡಿಸುವ ಆಸೆ ಯಾರಿಗೋ ಇತ್ತು ಎಂಬ ಎರಡೂ ಸಂಗತಿಗಳನ್ನು ಆ ಅಂಚೇ ಹೇಳುತ್ತದೆ.