ತೂಕ ಇಳಿಸುವ ಆಪರೇಷನ್ ಆಗಿದ್ಯಾ? ಪಿತ್ತಕೋಶದ ಕಲ್ಲಿನ ಬಗ್ಗೆ ಮೊದಲ 6 ತಿಂಗಳು ಎಚ್ಚರ

ಬೊಜ್ಜು ಇಳಿಸಲು ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡವರಿಗೆ ಪಿತ್ತಕೋಶದಲ್ಲಿ, ಅಂದರೆ ಗಾಲ್ ಬ್ಲಾಡರ್‌ನಲ್ಲಿ, ಕಲ್ಲು ಆಗುವ ಸಾಧ್ಯತೆ ಹೆಚ್ಚು. ಆಪರೇಷನ್ ದೊಡ್ಡ ಊರಲ್ಲಿ ಆಗಿರುತ್ತೆ, ಹೊಟ್ಟೆನೋವು ಶುರುವಾಗೋದು ಮನೆಗೆ ಬಂದು ಕೆಲವು ತಿಂಗಳಾದ ಮೇಲೆ. ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಮೆಡಿಕಲ್ ಶಾಪ್ ಮಾತ್ರೆ ನುಂಗಿ ಸುಮ್ಮನಾದರೆ ಜೀವಕ್ಕೇ ತೊಂದರೆ ಆಗಬಹುದು.

ಕಲ್ಲು ಯಾಕೆ ಆಗುತ್ತೆ?

ಲಿವರ್ ತಯಾರಿಸುವ ಪಿತ್ತರಸವನ್ನು ಶೇಖರಿಸಿಡುವ ಸಣ್ಣ ಚೀಲವೇ ಪಿತ್ತಕೋಶ. ತೂಕ ವೇಗವಾಗಿ ಇಳಿಯುವಾಗ ದೇಹದ ಕೊಬ್ಬು ಕರಗಿ, ಪಿತ್ತರಸಕ್ಕೆ ಕೊಲೆಸ್ಟ್ರಾಲ್ ಜಾಸ್ತಿ ಸೇರುತ್ತೆ. ಅದೇ ಸಮಯದಲ್ಲಿ ಊಟವೂ ಕಡಿಮೆ, ಜಿಡ್ಡಿನ ಪದಾರ್ಥವೂ ಕಡಿಮೆ. ಜಿಡ್ಡು ಹೊಟ್ಟೆಗೆ ಹೋದಾಗಲೇ ಪಿತ್ತಕೋಶ ಚೆನ್ನಾಗಿ ಹಿಂಡಿಕೊಂಡು ಖಾಲಿಯಾಗೋದು. ಖಾಲಿಯಾಗದೆ ನಿಂತ ರಸದಲ್ಲಿ ಕೊಲೆಸ್ಟ್ರಾಲ್ ಹರಳುಗಟ್ಟಿ ಕಲ್ಲಾಗುತ್ತೆ.

ವಾರಕ್ಕೆ ಒಂದೂವರೆ ಕೆಜಿಗಿಂತ ಹೆಚ್ಚು ತೂಕ ಇಳಿದರೆ ಅಪಾಯ ಜಾಸ್ತಿ. ಆಪರೇಷನ್ ಇಲ್ಲದೆ, ಬರೀ ಕಠಿಣ ಡಯಟ್ ಮಾಡಿ ಒಮ್ಮೆಲೇ ಸಣ್ಣಗಾಗುವವರಿಗೂ ಈ ಮಾತು ಅನ್ವಯ.

ತಡೆಯೋಕೆ ಮಾತ್ರೆ ಇದೆ

ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಎಂಬ ಮಾತ್ರೆಯನ್ನು ಆಪರೇಷನ್ ನಂತರ ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಗ್ಯಾಸ್ಟ್ರಿಕ್ ಬೈಪಾಸ್ ಆದವರ ಮೇಲೆ ಅಮೆರಿಕದಲ್ಲಿ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧ ಇಲ್ಲದ ಮಾತ್ರೆ ತಗೊಂಡವರ ಪೈಕಿ ಶೇ 32 ಮಂದಿಗೆ 6 ತಿಂಗಳೊಳಗೆ ಕಲ್ಲಾಗಿತ್ತು. ದಿನಕ್ಕೆ 600 ಮಿಲಿಗ್ರಾಂ ಔಷಧ ತಗೊಂಡವರಲ್ಲಿ ಕಲ್ಲಾದದ್ದು ಶೇ 2 ಮಂದಿಗೆ ಮಾತ್ರ. 2021ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಲಾಭ ಇಷ್ಟು ದೊಡ್ಡದಾಗಿರಲಿಲ್ಲ. ಅಲ್ಲಿ ನೋವು ಕೊಡುವ ಕಲ್ಲಿನ ಪ್ರಮಾಣ ಔಷಧ ಇಲ್ಲದವರಲ್ಲಿ ಶೇ 9.7, ಔಷಧ ತಗೊಂಡವರಲ್ಲಿ ಶೇ 6.5 ಇತ್ತು.

ಯಾರಿಗೆ, ಎಷ್ಟು ಡೋಸ್ ಅನ್ನೋದನ್ನು ಡಾಕ್ಟರ್ ಹೇಳಬೇಕು. ‘ಈಗ ಆರಾಮಾಗಿದೀನಲ್ಲ’ ಅಂತ ಮಧ್ಯದಲ್ಲಿ ಬಿಡಬೇಡಿ.

ಈ ಲಕ್ಷಣ ಕಂಡರೆ ತಡ ಮಾಡಬೇಡಿ

* ಬಲಗಡೆ ಪಕ್ಕೆಲುಬಿನ ಕೆಳಗೆ ಅಥವಾ ಎದೆಗುಂಡಿಗೆ ಕೆಳಗೆ ಜೋರು ನೋವು, ಮುಖ್ಯವಾಗಿ ಊಟದ ನಂತರ
* ನೋವು ಬೆನ್ನಿಗೆ ಅಥವಾ ಬಲ ಭುಜಕ್ಕೆ ಹರಡುವುದು, ಜೊತೆಗೆ ವಾಂತಿ
* ಚಳಿಜ್ವರ, ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು

ಜ್ವರ ಅಥವಾ ಕಾಮಾಲೆ ಜೊತೆಗಿದ್ದರೆ ಅದು ಎಮರ್ಜೆನ್ಸಿ. ಕಲ್ಲು ಜಾರಿ ಪಿತ್ತನಾಳಕ್ಕೆ ಸಿಕ್ಕಿಕೊಂಡರೆ ಸೋಂಕು ಅಥವಾ ಮೇದೋಜೀರಕ ಗ್ರಂಥಿಯ ಊತ ಬರಬಹುದು. ಆಗ ನಾಟಿ ಔಷಧಿ ಅಂತ ದಿನ ಕಳೆಯುವ ಹಾಗಿಲ್ಲ.

ಕಿಡ್ನಿ ಕಲ್ಲೇ ಬೇರೆ, ಇದೇ ಬೇರೆ

ಕಲ್ಲು ಅಂದ ತಕ್ಷಣ ಬಾಳೆದಿಂಡಿನ ರಸ ಕುಡಿಯುವವರು ಬಹಳ. ಆದರೆ ಪಿತ್ತಕೋಶಕ್ಕೂ ಮೂತ್ರದ ದಾರಿಗೂ ಸಂಬಂಧವೇ ಇಲ್ಲ, ಎಷ್ಟು ನೀರು ಕುಡಿದರೂ ಈ ಕಲ್ಲು ಮೂತ್ರದಲ್ಲಿ ಹೋಗಲ್ಲ. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಿದರೆ ಕಲ್ಲು ಇದೆಯಾ ಅಂತ ಸಾಮಾನ್ಯವಾಗಿ ಗೊತ್ತಾಗುತ್ತೆ. ಕಲ್ಲಿದ್ದರೂ ತೊಂದರೆ ಕೊಡದಿದ್ದರೆ ಹೆಚ್ಚಿನವರಿಗೆ ಆಪರೇಷನ್ ಬೇಕಾಗಲ್ಲ. ನೋವು ಬರ್ತಿದ್ದರೆ ಲ್ಯಾಪರೋಸ್ಕೋಪಿ ಮೂಲಕ ಪಿತ್ತಕೋಶವನ್ನೇ ತೆಗೆಯುತ್ತಾರೆ.

ಡಿಸ್ಚಾರ್ಜ್ ಸಮ್ಮರಿ ಜೋಪಾನ

ಗ್ಯಾಸ್ಟ್ರಿಕ್ ಬೈಪಾಸ್ ಆದವರಲ್ಲಿ ಕರುಳಿನ ದಾರಿ ಬದಲಾಗಿರುವುದರಿಂದ, ಪಿತ್ತನಾಳದ ಕಲ್ಲನ್ನು ಬಾಯಿ ಮೂಲಕ ಎಂಡೋಸ್ಕೋಪಿ ಹಾಕಿ ತೆಗೆಯುವುದು ಕಷ್ಟ. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ಯಾವ ಸರ್ಜರಿ, ಯಾವಾಗ ಆಗಿದೆ ಅಂತ ಮೊದಲೇ ಹೇಳಿ. ಡಿಸ್ಚಾರ್ಜ್ ಸಮ್ಮರಿಯ ಫೋಟೊ ಮೊಬೈಲಲ್ಲಿ ಇರಲಿ, ಮನೆಯವರ ಮೊಬೈಲಲ್ಲೂ ಒಂದು ಇರಲಿ.