ಹಳೆಯ ಟ್ರಾವೆಲ್ ಟ್ರೇಲರ್‌ಗೆ ಮರಳಿ ಬಣ್ಣ, ಮರಳಿ ಪಟ್ಟೆ

ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಗಾಲಿಮನೆಯೇ ಟ್ರಾವೆಲ್ ಟ್ರೇಲರ್. ಒಳಗೆ ಗ್ಯಾಸ್ ಒಲೆ, ಐಸ್ ಪೆಟ್ಟಿಗೆ, ಹಗಲು ಊಟದ ಮೇಜಾಗಿ ರಾತ್ರಿ ಹಾಸಿಗೆಯಾಗುವ ಹಲಗೆ. ಹೊರಗೆ ತೆಳು ಅಲ್ಯೂಮಿನಿಯಂ ತಗಡು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮಧ್ಯಮವರ್ಗಕ್ಕೆ ಕಾರು, ಸಂಬಳ ಸಹಿತ ರಜೆ, ಒಳ್ಳೆಯ ಹೆದ್ದಾರಿ ಒಟ್ಟೊಟ್ಟಿಗೆ ಸಿಕ್ಕವು. ಈ ಗಾಡಿಗಳು ಜನಪ್ರಿಯವಾದದ್ದು ಆಗಲೇ. 1950 ಮತ್ತು 60ರ ದಶಕಗಳ ಗಾಡಿಗಳಲ್ಲಿ ಅಳಿದುಳಿದವು ಈಗ ಹೊಲದಂಚಿನ ಕೊಟ್ಟಿಗೆಗಳಿಂದ, ಹಿತ್ತಿಲುಗಳಿಂದ ಹೊರಬಂದು ಮತ್ತೆ ರಸ್ತೆಗಿಳಿಯುತ್ತಿವೆ. ಕೊಂಡವರಿಗೆ ಮೊದಲು ಬಣ್ಣದ ಯೋಚನೆ. ಆದರೆ ಈ ಕೆಲಸದಲ್ಲಿ ಬಣ್ಣಕ್ಕಿಂತ ಮೊದಲು ನಡೆಯಬೇಕಾದ್ದು ಎರಡಿದೆ: ಮಳೆನೀರು ಒಳಗಿಳಿಯುವ ದಾರಿಗಳನ್ನು ಬಿಚ್ಚಿ ಕೊಳೆತ ಮರ ಬದಲಾಯಿಸುವುದು, ಹಳೆಯ ಪಟ್ಟೆ ಎಲ್ಲಿತ್ತು ಎಂಬುದನ್ನು ತಗಡಿನ ಮೇಲೇ ಓದಿಕೊಳ್ಳುವುದು.

ಪಟ್ಟೆಯಿಂದಲೇ ಗುರುತು

ಆ ಕಾಲದ ಗಾಡಿಗಳ ಪೈಕಿ ಬಹುಮಂದಿಗೆ ಪರಿಚಿತವಾದದ್ದು ಶಾಸ್ತಾ. 1941ರಲ್ಲಿ ರಾಬರ್ಟ್ ಗ್ರೇ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿದ ಕಂಪನಿ ಇದು. ಮೊದಲು ಕಟ್ಟಿದ್ದು ಸೈನಿಕರ ವಸತಿಗೆ. ಯುದ್ಧ ಮುಗಿದ ಮೇಲೆ ರಜೆಯ ಗಾಡಿಗಳತ್ತ ತಿರುಗಿತು. ಹಿಂಭಾಗದ ಎರಡೂ ಪಕ್ಕಕ್ಕೆ ಅಂಟಿದ ಪುಟ್ಟ ಲೋಹದ ರೆಕ್ಕೆಗಳು, ಬಿಳಿ ಮೈಯ ನಡುವೆ ಮಿಂಚಿನಂತೆ ಮುರಿದು ಓಡುವ ಬಣ್ಣದ ಪಟ್ಟೆ, ಇವೆರಡನ್ನು ಕಂಡರೆ ಹೆಸರಿನ ಫಲಕ ಬೇಕಿಲ್ಲ. 1976ರಲ್ಲಿ ಕಂಪನಿ ಕೋಚ್‌ಮನ್ ಸಂಸ್ಥೆಯ ಪಾಲಾಯಿತು. 2015ರಲ್ಲಿ ಹಳೆಯ ಏರ್‌ಫ್ಲೈಟ್ ಮಾದರಿಯನ್ನು ಮತ್ತೆ ತಯಾರಿಸಿದಾಗಲೂ ರೆಕ್ಕೆ ಮತ್ತು ಎರಡು ಬಣ್ಣದ ಮೈಯನ್ನು ಬಿಡಲಿಲ್ಲ.

ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ 1958ರಲ್ಲಿ ಟ್ರೇಲರ್ ಕಟ್ಟುವುದರಿಂದ ಆರಂಭಿಸಿದ ವಿನ್ನೆಬಾಗೊ 1966ರಲ್ಲಿ ತನ್ನದೇ ಎಂಜಿನ್ ಇರುವ ಗಾಲಿಮನೆಗೆ, ಅಂದರೆ ಮೋಟರ್‌ಹೋಮ್‌ಗೆ ಇಳಿಯಿತು. ಆ ಗಾಡಿಗಳ ಪಕ್ಕದಲ್ಲಿ ಪಟ್ಟೆಯೇ ಡಬ್ಲ್ಯೂ ಅಕ್ಷರವಾಗಿ ಬಾಗಿತ್ತು, ಅದೇ ಕಂಪನಿಯ ಚಿಹ್ನೆಯೂ ಆಯಿತು. ತಗಡು, ಕಿಟಕಿ, ಗಾಲಿ ಎಲ್ಲರವೂ ಹೆಚ್ಚುಕಡಿಮೆ ಒಂದೇ ಬಗೆಯವಾಗಿದ್ದ ಕಾಲದಲ್ಲಿ ಒಬ್ಬ ತಯಾರಕನನ್ನು ಇನ್ನೊಬ್ಬನಿಂದ ಬೇರೆ ಮಾಡುತ್ತಿದ್ದುದು ಈ ಗೆರೆಗಳೇ. ಪಟ್ಟೆಯ ಬಾಗು ನಾಲ್ಕು ಬೆರಳು ಮೇಲೆ ಕೆಳಗಾದರೂ ಗಾಡಿಯ ಮುಖ ಬದಲಾಗಿಬಿಡುತ್ತದೆ.

ಮೂಲದ ಬಣ್ಣವೇ ಬೇಕೆಂಬ ಕಟ್ಟುಪಾಡು ಎಲ್ಲರಿಗೂ ಇಲ್ಲ. 1999ರಲ್ಲಿ ಹುಟ್ಟಿದ ಸಿಸ್ಟರ್ಸ್ ಆನ್ ದ ಫ್ಲೈ ಎಂಬ ಮಹಿಳೆಯರ ಬಳಗದಲ್ಲಿ ಹಳೆಯ ಟ್ರೇಲರ್‌ಗಳ ಮೇಲೆ ಕುದುರೆ, ಹೂವು, ಕೌಗರ್ಲ್‌ಗಳ ಚಿತ್ರ ಬರೆಸುವುದೇ ಸಂಪ್ರದಾಯ. ಅದೂ ಚೆಂದವೇ. ಆದರೆ ಮೂಲ ಪಟ್ಟೆ ಇನ್ನೂ ಮಸುಕಾಗಿಯಾದರೂ ಉಳಿದಿರುವ ಗಾಡಿ ಕೈಗೆ ಬಂದರೆ ಅದನ್ನು ಅಳಿಸದೆ ಮರಳಿ ಎಳೆಯುವುದೇ ಸರಿ ಎಂಬುದು ನನ್ನ ನಿಲುವು. ಹೊಸ ಚಿತ್ರವನ್ನು ಯಾವ ಗಾಡಿಯ ಮೇಲಾದರೂ ಬರೆಯಬಹುದು, ಅಳಿಸಿದ ಮೂಲ ಗೆರೆ ಮತ್ತೆ ಸಿಗುವುದಿಲ್ಲ.

ತಗಡಿನ ಹಿಂದೆ ಏನಿದೆ

ಹೊರಗಿನಿಂದ ಲೋಹದ ಪೆಟ್ಟಿಗೆಯಂತೆ ಕಂಡರೂ ಈ ಗಾಡಿಗಳ ಎಲುಬು ಮರದ್ದು. ತೆಳು ಪಟ್ಟಿಗಳ ಚೌಕಟ್ಟು, ಒಳಗೆ ಪ್ಲೈವುಡ್ ಹೊದಿಕೆ, ಹೊರಗೆ ಒಂದು ಮಿಲಿಮೀಟರ್‌ಗಿಂತಲೂ ತೆಳುವಾದ ಅಲ್ಯೂಮಿನಿಯಂ. ತಗಡಿಗೆ ಬಿಗಿ ಬರಲೆಂದು ಉದ್ದಕ್ಕೂ ಏಣುಗಳನ್ನು ಒತ್ತಿರುತ್ತಾರೆ. ಪಕ್ಕದ ಗೋಡೆ ಮತ್ತು ಚಾವಣಿಯ ತಗಡು ಸೇರುವಲ್ಲಿ ಒಂದು ಲೋಹದ ಅಂಚುಪಟ್ಟಿ ಇದ್ದು, ಅದರ ಕೆಳಗೆ ಮೇಣದಂಥ ಸೀಲಿಂಗ್ ಟೇಪ್ ಇರುತ್ತದೆ, ಸಾಲಾಗಿ ಸ್ಕ್ರೂಗಳಿರುತ್ತವೆ.

ಅರವತ್ತು ವರ್ಷದಲ್ಲಿ ಆ ಟೇಪ್ ಒಣಗಿ ಪುಡಿಯಾಗಿರುತ್ತದೆ. ಸ್ಕ್ರೂ ಬಿಚ್ಚಿ ಅಂಚುಪಟ್ಟಿಯನ್ನು ಮೆಲ್ಲಗೆ ಎತ್ತಿದರೆ ಬೂದು ಬಣ್ಣದ ತುಣುಕುಗಳು ಉದುರುತ್ತವೆ. ಅದರ ಹಿಂದಿನ ಮರ ಕಪ್ಪಾಗಿದ್ದು, ಉಗುರಿನಿಂದ ಒತ್ತಿದರೆ ಒಳಕ್ಕೆ ಕುಸಿಯುತ್ತದೆ. ಹೊರಗಿನ ತಗಡು ಹೊಳೆಯುತ್ತಿರುವಾಗಲೇ ಒಳಗೆ ಇದು ನಡೆದಿರುತ್ತದೆ. ಹೀಗಿರುವಾಗ ಮೇಲೆ ಬಣ್ಣ ಹೊಡೆದರೆ ಸ್ಕ್ರೂ ಹಿಡಿಯಲು ಮರವೇ ಇಲ್ಲದೆ ಪಟ್ಟಿ ಸಡಿಲಗೊಂಡು ಹೊಸ ಬಣ್ಣ ಅಲ್ಲೇ ಮೊದಲು ಸೀಳುತ್ತದೆ. ಹಾಗಾಗಿ ಬಣ್ಣದ ಕೆಲಸಕ್ಕೆ ಮುನ್ನ ಅಂಚುಪಟ್ಟಿ, ಕಿಟಕಿ, ಬಾಗಿಲು, ದೀಪ, ಗಾಳಿಕಿಂಡಿ ಎಲ್ಲವನ್ನೂ ಬಿಚ್ಚಬೇಕು. ಕೊಳೆತ ಮರ ಬದಲಾಯಿಸಬೇಕು. ಕಿಟಕಿ ಬಿಚ್ಚದೆ ಸುತ್ತ ಟೇಪ್ ಹಚ್ಚಿ ಬಣ್ಣ ಹೊಡೆಯುವ ಅಡ್ಡದಾರಿಯಿಂದ ಉಳಿಯುವುದು ಎರಡು ದಿನದ ಕೆಲಸ ಮಾತ್ರ.

ಉಜ್ಜಿದರೆ ಸಾಕೆ, ಹೊಸ ಬಣ್ಣವೇ ಬೇಕೆ?

ಕಪ್ಪು ಬಟ್ಟೆಯಿಂದ ಹಳೆಯ ಟ್ರೇಲರ್‌ನ ಪಕ್ಕವನ್ನು ಸವರಿದರೆ ಬಿಳಿ ಪುಡಿ ಹತ್ತುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣದ ಕಣಗಳನ್ನು ಹಿಡಿದಿಟ್ಟಿದ್ದ ಅಂಟನ್ನು ಮೇಲ್ಪದರದಲ್ಲಿ ಮುರಿದುಹಾಕಿರುತ್ತವೆ; ಅಂಟು ಹೋದ ಮೇಲೆ ಕಣಗಳು ಸಡಿಲಾಗಿ ಉದುರುತ್ತವೆ. ಇದು ಮೇಲ್ಪದರದ ರೋಗ. ಕೆಳಗಿನ ಬಣ್ಣ ಗಟ್ಟಿಯಿದ್ದರೆ ಸಾಬೂನಿನಲ್ಲಿ ತೊಳೆದು, ರಬ್ಬಿಂಗ್ ಕಾಂಪೌಂಡ್ ಹಾಕಿ ಕೈಯಲ್ಲಿ ಉಜ್ಜಿ, ಮೇಣ ಹಚ್ಚಿದರೆ ಮೂಲ ಬಣ್ಣವೇ ಮೇಲೆದ್ದು ಬರುತ್ತದೆ. ಒಂದು ಚದರಡಿ ಉಜ್ಜಿ ನೋಡಿ ತೀರ್ಮಾನಿಸಬಹುದು. ಏಣುಗಳ ತುದಿಯಲ್ಲಿ ಮಾತ್ರ ಎಚ್ಚರ, ಅಲ್ಲಿ ಬಣ್ಣ ತೀರಾ ತೆಳುವಾಗಿರುತ್ತದೆ. ಯಂತ್ರ ಹಿಡಿದರೆ ಕ್ಷಣದಲ್ಲಿ ಲೋಹ ಕಾಣುತ್ತದೆ.

ಬಣ್ಣ ಹಾಳೆಹಾಳೆಯಾಗಿ ಏಳುತ್ತಿದ್ದರೆ, ಹಿಂದಿನವರು ಮನೆಗೆ ಹಚ್ಚುವ ಬಣ್ಣವನ್ನು ಬ್ರಷ್‌ನಲ್ಲಿ ಬಳಿದಿದ್ದರೆ, ಹೊಸದಾಗಿ ಹಚ್ಚದೆ ಗತ್ಯಂತರವಿಲ್ಲ.

ಕೆರೆಯುವ ಮುನ್ನ ದಾಖಲೆ

ಎಷ್ಟೇ ಸಲ ಬಣ್ಣ ಬಳಿದಿದ್ದರೂ ಮೂಲ ಬಣ್ಣ ಎಲ್ಲೋ ಒಂದು ಕಡೆ ಅಡಗಿರುತ್ತದೆ. ಬಾಗಿಲಿನ ಕೀಲು, ಹಿಂದಿನ ಕೆಂಪು ದೀಪದ ಬುಡ, ಅಂಚುಪಟ್ಟಿ, ಬಾಗಿಲ ಪಕ್ಕದ ದೀಪ, ಇವುಗಳ ಕೆಳಗೆ ಬಿಸಿಲೇ ಬಿದ್ದಿರುವುದಿಲ್ಲ. ಅಲ್ಲಿ ಸಿಗುವ ಬಣ್ಣವನ್ನು ಕಾರಿನ ಪೇಂಟ್ ಅಂಗಡಿಯ ಯಂತ್ರದಲ್ಲಿ ಅಳೆಸಿದರೆ ಅದೇ ಬಣ್ಣ ಬೆರೆಸಿಕೊಡುತ್ತಾರೆ. ಹೊರಗಿನ ಮಾಸಿದ ಬಣ್ಣವನ್ನು ಅಳೆಸಿದರೆ ಮಾಸಲು ಬಣ್ಣವೇ ಸಿಗುತ್ತದೆ.

ಪಟ್ಟೆಯ ವಿಷಯದಲ್ಲಿ ಫೋಟೊ ಒಂದನ್ನೇ ನಂಬುವಂತಿಲ್ಲ. ಅಗಲದ ಬಟರ್ ಪೇಪರನ್ನು ತಗಡಿಗೆ ಅಂಟಿಸಿ ಪೆನ್ಸಿಲಿನಲ್ಲಿ ಪಟ್ಟೆಯ ಅಂಚನ್ನು ನಕಲು ಮಾಡಿಕೊಳ್ಳಬೇಕು. ಕಾಗದದ ಮೇಲೆಯೇ ಕಿಟಕಿಯ ಮೂಲೆ, ಏಣುಗಳ ಸ್ಥಾನ ಗುರುತಿಸಬೇಕು. ಎರಡೂ ಪಕ್ಕದ್ದನ್ನು ಬೇರೆಬೇರೆಯಾಗಿ ತೆಗೆಯಬೇಕು, ಬಾಗಿಲು ಇರುವ ಪಕ್ಕದಲ್ಲಿ ಪಟ್ಟೆ ಬೇರೆ ಕಡೆ ತಿರುಗಿರುವುದುಂಟು. ಮೇಲಿನ ಬಣ್ಣದಡಿ ಪಟ್ಟೆ ಮುಚ್ಚಿಹೋಗಿದ್ದರೆ ದೀಪವನ್ನು ಓರೆಯಾಗಿ ಹಿಡಿದು ನೋಡಬೇಕು: ಹಳೆಯ ಪಟ್ಟೆಯ ಅಂಚು ಕೂದಲೆಳೆಯಷ್ಟು ಎತ್ತರವಾಗಿ ನೆರಳು ಬೀಳಿಸುತ್ತದೆ.

ತಗಡನ್ನು ಸಿದ್ಧಪಡಿಸುವುದು

ಮೊದಲು ಆರೋಗ್ಯದ ಮಾತು. ಮನೆಗಳಿಗೆ ಹಚ್ಚುವ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಅದಕ್ಕೆ ಹಿಂದಿನ ಟ್ರೇಲರ್‌ಗಳ ಬಣ್ಣದಲ್ಲಿ ಸೀಸ ಇರಬಹುದು, ಹಳದಿ-ಹಸಿರು ಛಾಯೆಯ ಪ್ರೈಮರ್ ಕಂಡರೆ ಅದು ಕ್ಯಾನ್ಸರ್‌ಕಾರಕ ಝಿಂಕ್ ಕ್ರೋಮೇಟ್ ಆಗಿರಬಹುದು. ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ನಮ್ಮ ಗ್ಯಾರೇಜ್‌ಗಳಲ್ಲಿ ವಾಟರ್ ಪೇಪರ್ ಎನ್ನುವ ಕಪ್ಪು ಹಾಳೆಯನ್ನು ನೀರಿನಲ್ಲಿ ಅದ್ದಿ ಉಜ್ಜುವುದೇ ಕ್ಷೇಮ; ಸರಿಯಾದ ಫಿಲ್ಟರ್ ಇರುವ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬೇಡ, ತೊಳೆದ ಕೆಸರು ಮಣ್ಣಿಗೆ ಹೋಗದಿರಲಿ.

ಉಜ್ಜುವುದಕ್ಕೂ ಮುನ್ನ ಜಿಡ್ಡು ತೆಗೆಯಬೇಕು. ಜಿಡ್ಡಿರುವಾಗಲೇ ಉಜ್ಜಿದರೆ ಅದು ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಇಲ್ಲಿ ದೊಡ್ಡ ಶತ್ರು ಹಿಂದಿನ ಮಾಲೀಕರು ಸೋರುವಲ್ಲೆಲ್ಲ ಬಳಿದ ಸಿಲಿಕೋನ್. ಅದರ ಅಂಶ ಚೂರೇ ಉಳಿದಿದ್ದರೂ ಹೊಸ ಬಣ್ಣ ಅಲ್ಲಿ ನಿಲ್ಲದೆ ಮೀನಿನ ಕಣ್ಣಿನಂಥ ಗುಂಡು ಕುಳಿಗಳಾಗಿ ಸರಿದುಬಿಡುತ್ತದೆ. ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ಸಿಲಿಕೋನ್ ಕರಗಿಸುವ ದ್ರಾವಣದಲ್ಲಿ ಮತ್ತೆ ಮತ್ತೆ ಒರೆಸಿ, ಪ್ರತಿ ಸಲ ಹೊಸ ಬಟ್ಟೆ ತೆಗೆದುಕೊಳ್ಳಬೇಕು. ಸ್ಟೀಲ್ ವೂಲ್ ಮಾತ್ರ ಬೇಡವೇ ಬೇಡ, ಅದರ ಚೂರುಗಳು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡು ತುಕ್ಕಿನ ಚುಕ್ಕೆಗಳಾಗುತ್ತವೆ.

ತಗ್ಗುಗಳಿಗೆ ಪುಟ್ಟಿ ಮೆತ್ತುವ ಆಸೆ ಸಹಜ. ಆದರೆ ಲೆಕ್ಕ ಹಾಕಿ ನೋಡಿ: ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗದಷ್ಟು ಹಿಗ್ಗುತ್ತದೆ. ನಾಲ್ಕು ಮೀಟರ್ ಉದ್ದದ ತಗಡು ಚಳಿಗಾಲದ ಮೈನಸ್ 10 ಡಿಗ್ರಿಯಿಂದ ಬೇಸಿಗೆ ಬಿಸಿಲಿನ 50ಕ್ಕೆ ಏರಿದರೆ ಐದೂವರೆ ಮಿಲಿಮೀಟರ್ ಬೆಳೆಯುತ್ತದೆ. ಮೇಲೆ ರಸ್ತೆಯ ಅದುರಾಟ. ದಪ್ಪ ಪುಟ್ಟಿ ಇದನ್ನು ತಾಳದೆ ಬಿರುಕುಬಿಡುತ್ತದೆ. ಸಣ್ಣ ತಗ್ಗುಗಳನ್ನು ಹಾಗೆಯೇ ಬಿಡುವುದು ಒಳ್ಳೆಯದು, ದೊಡ್ಡವಿದ್ದರೆ ಆ ತಗಡನ್ನೇ ಬದಲಾಯಿಸಬೇಕು.

ಲೋಹ ಕಂಡ ಜಾಗಕ್ಕೆ ಪ್ರೈಮರ್ ಬೇಕೇ ಬೇಕು. ಉಜ್ಜಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪೊರೆ ಕಟ್ಟಲು ಶುರುವಾಗುತ್ತದೆ, ಸಾಮಾನ್ಯ ಬಣ್ಣ ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಆಮ್ಲದ ಅಂಶವಿರುವ ಸೆಲ್ಫ್-ಎಚಿಂಗ್ ಪ್ರೈಮರ್ ಒಂದು ದಾರಿ, ಎಪಾಕ್ಸಿ ಪ್ರೈಮರ್ ಇನ್ನೊಂದು. ತಯಾರಕರು ಒಪ್ಪದ ಹೊರತು ಒಂದರ ಮೇಲೊಂದು ಹಚ್ಚಬಾರದು. ಪ್ರೈಮರ್‌ನಿಂದ ಮೇಲ್ಬಣ್ಣದವರೆಗೆ ಒಂದೇ ಕಂಪನಿಯ ಸರಣಿ ಹಿಡಿದರೆ ಈ ತಲೆನೋವೇ ಇಲ್ಲ.

ಮೈಬಣ್ಣ

ಸ್ಪ್ರೇಯಲ್ಲಿ ಹೊಡೆಯುವ ಎರಡು ಘಟಕದ ಯುರೆಥೇನ್ ಬಣ್ಣ ಬಾಳಿಕೆಯಲ್ಲಿ ಮೇಲು. ಆದರೆ ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಹೋದರೆ ಜೀವನಪೂರ್ತಿ ಕಾಡುವ ಆಸ್ತಮಾ ತರಬಲ್ಲದು. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ, ಪ್ರತ್ಯೇಕ ಬೂತ್ ಇರುವವರೇ ಅದನ್ನು ಮಾಡಬೇಕು. ಮನೆಯಂಗಳದ ಕೆಲಸಕ್ಕೆ ದೋಣಿಗಳಿಗೆ ಹಚ್ಚುವ ಒಂದೇ ಡಬ್ಬಿಯ ಎನಾಮೆಲ್ ಸಾಕು. ಒಬ್ಬರು ಫೋಮ್ ರೋಲರ್‌ನಲ್ಲಿ ತೆಳ್ಳಗೆ ಉರುಳಿಸುತ್ತ ಹೋದಂತೆ ಇನ್ನೊಬ್ಬರು ಒಳ್ಳೆಯ ಬ್ರಷ್‌ನ ತುದಿಯಿಂದ ಹಗುರಾಗಿ ಸವರುತ್ತ ಬಂದರೆ ಗುಳ್ಳೆಗಳು ಒಡೆದು ಬಣ್ಣ ತಾನಾಗಿ ಸಮವಾಗುತ್ತದೆ. ಮೂರು ತೆಳು ಪದರ ಒಂದು ದಪ್ಪ ಪದರಕ್ಕಿಂತ ಲೇಸು.

ನೇರ ಬಿಸಿಲಿನಲ್ಲಿ ಬೇಡ, ಸಂಜೆಯೂ ಬೇಡ. ಸಂಜೆ ತಗಡು ಬೇಗ ತಣಿದು ಕಣ್ಣಿಗೆ ಕಾಣದಷ್ಟು ಇಬ್ಬನಿ ಕೂರುತ್ತದೆ, ಆ ರಾತ್ರಿಯ ಬಣ್ಣ ಬೆಳಿಗ್ಗೆ ಹೊಳಪಿಲ್ಲದೆ ಮಂಕಾಗಿರುತ್ತದೆ.

ಪಟ್ಟೆ ಎಳೆಯುವುದು

ಬಿಳಿ ಮೈ ಪೂರ್ತಿ ಹಚ್ಚಿದ ಮೇಲೆ ಪಟ್ಟೆ. ಎನಾಮೆಲ್ ಮೇಲೆ ಆತುರಪಟ್ಟು ಟೇಪ್ ಅಂಟಿಸಿದರೆ ಟೇಪಿನ ಗುರುತು ಬಣ್ಣದಲ್ಲಿ ಅಚ್ಚೊತ್ತುತ್ತದೆ, ಹಾಗಾಗಿ ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಾಯಲೇಬೇಕು. ಬಸ್ ಬಾಡಿ ಕಟ್ಟುವ ನಮ್ಮ ಷೆಡ್‌ಗಳಲ್ಲಿ ಮಾಸ್ಕಿಂಗ್ ಟೇಪ್, ಹಳೆಯ ಪತ್ರಿಕೆ ಹಿಡಿದು ಪಟ್ಟೆ ಬಿಡಿಸುವವರಿಗೆ ಈ ಕೆಲಸ ಹೊಸದಲ್ಲ. ಆದರೆ ಕಾಗದದ ಟೇಪ್ ಅಂಚಿಗೆ ಸಾಲದು, ಅಂಚಿಗೆ ಹಿಗ್ಗುವ ವಿನೈಲ್‌ನ ಫೈನ್‌ಲೈನ್ ಟೇಪ್ ಬೇಕು. ಕಾಲು ಇಂಚಿನದು ಬಾಗುಗಳಿಗೆ ಸಲೀಸಾಗಿ ತಿರುಗುತ್ತದೆ.

ರಸಮಟ್ಟ ಹಿಡಿದು ಗೆರೆ ಹಾಕಬಾರದು. ಹಳೆಯ ಗಾಡಿ ನೆಲಕ್ಕೆ ಸಮವಾಗಿ ನಿಂತಿರುವುದಿಲ್ಲ, ಚೌಕಟ್ಟೂ ಅಲ್ಲಲ್ಲಿ ಜಗ್ಗಿರುತ್ತದೆ. ನೆಲಕ್ಕೆ ಸಮವಾದ ಪಟ್ಟೆ ಏಣುಗಳ ಪಕ್ಕದಲ್ಲಿ ಸೊಟ್ಟಗೆ ಕಾಣುತ್ತದೆ. ಏಣುಗಳಿಂದಲೇ ಅಳೆದು, ಇಪ್ಪತ್ತಡಿ ಹಿಂದೆ ಸರಿದು ಕಣ್ಣಿಂದ ನೋಡಿ ತಿದ್ದಬೇಕು.

ಶಾಸ್ತಾದಂಥ ಗಾಡಿಯಲ್ಲಿ ಕಷ್ಟದ ಜಾಗ ಪಟ್ಟೆ ಓರೆಯಾಗಿ ಏಣುಗಳನ್ನು ದಾಟುವಲ್ಲಿ. ಟೇಪ್ ಎರಡು ಏಣುಗಳ ನಡುವಿನ ತಗ್ಗಿಗೆ ಇಳಿಯದೆ ಮೇಲೆಯೇ ಸೇತುವೆ ಕಟ್ಟುತ್ತದೆ, ಬಣ್ಣ ಅದರಡಿ ನುಸುಳುತ್ತದೆ. ಟೇಪನ್ನು ಎಳೆಯದೆ, ಸಡಿಲವಾಗಿ ಇಡುತ್ತ, ಪ್ಲಾಸ್ಟಿಕ್ ಅಲಗಿನಿಂದ ಪ್ರತಿ ತಗ್ಗಿಗೂ ಒತ್ತಿ ಕೂರಿಸಬೇಕು. ಆಮೇಲೆ ಟೇಪಿನ ಅಂಚಿಗೆ ಮೊದಲು ಬಿಳಿ ಬಣ್ಣವನ್ನೇ ತೆಳುವಾಗಿ ಸವರುವುದು ಅನುಭವಿಗಳ ಉಪಾಯ. ನುಸುಳುವುದಿದ್ದರೆ ಬಿಳಿಯೇ ನುಸುಳಿ ಸಂದು ಮುಚ್ಚುತ್ತದೆ. ಮೇಲೆ ಬರುವ ಹಸಿರಿಗೋ ನೀಲಿಗೋ ಒಳಹೋಗಲು ಜಾಗವಿರುವುದಿಲ್ಲ. ಪಟ್ಟೆಯ ಬಣ್ಣ ಅಂಟಂಟಾಗಿ ಗಟ್ಟಿಯಾಗುತ್ತಿರುವಾಗಲೇ, ಪೂರ್ತಿ ಒಣಗುವ ಮುನ್ನ, ಟೇಪನ್ನು ಅದರ ಮೇಲಕ್ಕೇ ಮಡಚಿ ನಿಧಾನವಾಗಿ ಎಳೆಯಬೇಕು. ಒಣಗಿದ ಮೇಲೆ ಎಳೆದರೆ ಪಟ್ಟೆಯ ಅಂಚೂ ಹಲ್ಲುಹಲ್ಲಾಗಿ ಕಿತ್ತುಬರುತ್ತದೆ.

ವಿನೈಲ್ ಪಟ್ಟೆಯ ಗಾಡಿಗಳು, ಬಣ್ಣವೇ ಇಲ್ಲದ ಗಾಡಿಗಳು

ನಂತರದ ದಶಕಗಳಲ್ಲಿ ಪಟ್ಟೆಗಳು ಅಂಟಿಸುವ ವಿನೈಲ್‌ಗೆ ತಿರುಗಿದವು. ಬಿಸಿಲಿಗೆ ಅವು ಕುಗ್ಗಿ, ಒಡೆದು, ಹಪ್ಪಳವಾಗಿರುತ್ತವೆ. ಹೇರ್ ಡ್ರೈಯರ್‌ನಲ್ಲಿ ಹದವಾಗಿ ಬಿಸಿ ಮಾಡಿ ಎಬ್ಬಿಸಿದರೆ ಕೆಳಗೆ ಮೂಲ ಬಣ್ಣ ಮಾಸದೆ ಉಳಿದಿರುತ್ತದೆ. ಸುತ್ತಲಿನ ಬಣ್ಣ ಮಾಸಿರುವುದರಿಂದ ಪಟ್ಟೆಯ ಭೂತ ಎದ್ದು ಕಾಣುತ್ತದೆ. ಅದನ್ನು ಉಜ್ಜಿ ಅಳಿಸಲು ಹೆಣಗುವುದಕ್ಕಿಂತ ಅದೇ ಜಾಗದಲ್ಲಿ ಹಳೆಯದಕ್ಕಿಂತ ಕೂದಲಷ್ಟು ಹೆಚ್ಚು ಅಗಲವಾದ ಹೊಸ ಪಟ್ಟೆ ಕೂರಿಸುವುದು ಸುಲಭ, ಸರಿಯೂ ಹೌದು. ವಿನೈಲ್ ಕೊಳ್ಳುವಾಗ ಕಾಸ್ಟ್ ಬಗೆಯದನ್ನೇ ಕೇಳಬೇಕು. ಕ್ಯಾಲೆಂಡರ್ಡ್ ಬಗೆಯದು ಅಗ್ಗ, ಆದರೆ ಬೇಗ ಕುಗ್ಗುತ್ತದೆ, ಏಣುಗಳ ಮೇಲೆ ನಿಲ್ಲುವುದಿಲ್ಲ.

1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿದ ಬೋಲರ್‌ನಂಥ ಫೈಬರ್‌ಗ್ಲಾಸ್ ಗಾಡಿಗಳ ಮೈ ಜೆಲ್‌ಕೋಟ್ ಎಂಬ ರಾಳದ ಹೊರಪದರದ್ದು. ಅದಕ್ಕೆ ಉಜ್ಜಿ ಹೊಳಪು ತರುವುದೇ ಮೊದಲ ಚಿಕಿತ್ಸೆ. ಏರ್‌ಸ್ಟ್ರೀಮ್ ಕಂಪನಿಯ ಗಾಡಿಗಳ ಬರಿ ಅಲ್ಯೂಮಿನಿಯಂ ಮೈಗೆ ಬಣ್ಣದ ಪ್ರಶ್ನೆಯೇ ಬರುವುದಿಲ್ಲ, ಪಾಲಿಶ್ ಬೇರೆಯದೇ ವಿದ್ಯೆ.

ಮತ್ತೆ ಜೋಡಿಸುವುದು

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಅಂಚುಪಟ್ಟಿ, ಕಿಟಕಿ, ದೀಪಗಳೆಲ್ಲ ಹೊಸ ಬ್ಯೂಟೈಲ್ ಸೀಲಿಂಗ್ ಟೇಪಿನ ಮೇಲೆ ಕೂರಬೇಕು. ತುಕ್ಕು ಹಿಡಿದ ಹಳೆಯ ಕಬ್ಬಿಣದ ಸ್ಕ್ರೂಗಳನ್ನು ಮತ್ತೆ ಹಾಕಬಾರದು. ನೀರು ತಾಗಿದೊಡನೆ ಕಬ್ಬಿಣ-ಅಲ್ಯೂಮಿನಿಯಂ ನಡುವೆ ವಿದ್ಯುತ್ ರಾಸಾಯನಿಕ ಸವೆತ ಶುರುವಾಗಿ ತೂತು ದೊಡ್ಡದಾಗುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿ ಮೊದಲ ದಿನ ಅರೆಬಿಗಿ ಮಾಡಿ, ಬಿಸಿಲಿಗೆ ಟೇಪ್ ಮೆತ್ತಗಾಗಿ ಹೊರಗೆ ಉಕ್ಕಿದ ಮೇಲೆ ಪೂರ್ತಿ ಬಿಗಿ ಮಾಡಿ, ಉಕ್ಕಿದ್ದನ್ನು ಪ್ಲಾಸ್ಟಿಕ್ ಅಲಗಿನಿಂದ ಕತ್ತರಿಸಬೇಕು. ಒಳಗಿನ ಪ್ಲೈವುಡ್ ಮುಚ್ಚುವ ಮುನ್ನ ಪೈಪ್ ಹಿಡಿದು ಚಾವಣಿಯ ಅಂಚು, ಕಿಟಕಿಯ ತಲೆಭಾಗಕ್ಕೆ ಒಂದೊಂದು ಕಡೆ ಹತ್ತು ನಿಮಿಷ ನೀರು ಬಿಡಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಪ್ರತಿ ಸ್ಕ್ರೂ ತುದಿಯನ್ನೂ ನೋಡುತ್ತಿರಲಿ. ಹನಿ ಕಂಡ ಜಾಗವನ್ನು ಆಗಲೇ ಬಿಚ್ಚಿ ಹೊಸ ಟೇಪ್ ಹಾಕಬೇಕು.